ಹರಳುಗಟ್ಟದ ಪಾಕ

“ಮೇಷ್ಟ್ರೇ, ಕೈಕೊಟ್ಟ ಪ್ರಯೋಗಗಳನ್ನೂ ಪಠ್ಯಪುಸ್ತಕದಲ್ಲಿ ಬರೀಬೇಕಾ?”

ಕೇಳಿದವನು ಇಂದುಶೇಖರ. ರಸಾಯನಶಾಸ್ತ್ರದಲ್ಲಿ ಸಂಶೋಧನೆ ಮುಗಿಸಿದ್ದ. ಪದವಿ ತರಗತಿಯ ಪ್ರಯೋಗಗಳ ಬಗ್ಗೆ ಪುಸ್ತಕವೊಂದನ್ನು ಬರೆಯಲು ಒಪ್ಪಿಕೊಂಡಿದ್ದ. ಕೇಳಿಸಿಕೊಂಡವರು ಅವನಿಗೆ ಸಂಶೋಧನೆಯ ಹಾದಿ ಕಲಿಸಿದ ಪುಟ್ಟಬಸವಯ್ಯ ಮೇಷ್ಟರು. ಅವನ ಹಸ್ತಪ್ರತಿ ಇಬ್ಬರ ನಡುವೆ ಮೇಜಿನ ಮೇಲಿತ್ತು. ಮೇಷ್ಟರು ಅದನ್ನು ಓದಿ ಮುಗಿಸಿದ್ದರು. ಚೆನ್ನಾಗಿದೆ ಎಂದಿರಲಿಲ್ಲ, ಚೆನ್ನಾಗಿಲ್ಲ ಎಂದೂ ಅಂದಿರಲಿಲ್ಲ. ಅದೇ ಅವನಿಗೆ ಕಸಿವಿಸಿ.

ಉತ್ತರಕ್ಕೆ ಕಾಯದೆ ಅವನೇ ಮಾತು ಮುಂದುವರಿಸಿದ. ತನ್ನ ಕೆಲಸದಲ್ಲಿ ಕೆಟ್ಟದ್ದೆಷ್ಟು, ಕೂಡಿಬಂದದ್ದೆಷ್ಟು ಎಂಬುದು ಮೇಷ್ಟರಿಗೇ ಗೊತ್ತು. ಒಡೆದ ಶೀಸೆ, ಸುಟ್ಟ ಪಾತ್ರೆ, ವ್ಯರ್ಥವಾದ ತಿಂಗಳುಗಳನ್ನೆಲ್ಲ ಬರೆಯುತ್ತ ಕೂತರೆ ಪುಸ್ತಕ ದಪ್ಪವಾಗುತ್ತದೆ, ಓದುವವರಿಗೆ ತಲೆ ಚಿಟ್ಟು ಹಿಡಿಯುತ್ತದೆ ಎಂದ. ಕೊನೆಗೆ ತೀರ್ಪನ್ನೂ ತಾನೇ ಕೊಟ್ಟುಕೊಂಡ. “ಪುಸ್ತಕ ಅಂದ್ರೆ ಆದದ್ದನ್ನ ಹೇಳ್ಬೇಕು. ಆಗದೆ ಹೋದದ್ದಕ್ಕೆ ಅಲ್ಲಿ ಜಾಗ ಇಲ್ಲ.”

ಮೇಷ್ಟರು ಕನ್ನಡಕ ತೆಗೆದು ಹಸ್ತಪ್ರತಿಯ ಮೇಲಿಟ್ಟರು. ಕೇಳಿದ್ದಕ್ಕೆ ನೇರ ಉತ್ತರ ಕೊಡುವ ಜಾಯಮಾನ ಅವರದಲ್ಲ. ಒಂದು ಕತೆ ಹೇಳುತ್ತೇನೆ, ಆದರೆ ಕತೆಯಲ್ಲಿ ಬರುವವರ ಹೆಸರು ಕೇಳಬೇಡ ಎಂದರು. ಹೆಸರು ಗೊತ್ತಾದ ಕೂಡಲೇ ತಪ್ಪೆಲ್ಲ ಆ ಹೆಸರಿನವರದು ಎಂದುಕೊಂಡು ನಾವು ನಿರಾಳವಾಗಿ ಮನೆಗೆ ಹೋಗಿಬಿಡುತ್ತೇವೆ ಎಂಬುದು ಅವರ ಅನುಭವ.

ಅವರು ಹೇಳಿದ ಕತೆ ಇದು.

ಒಂದು ಊರಿನಲ್ಲಿ ಒಬ್ಬಳು ಉಪಾಧ್ಯಾಯಿನಿ ಇದ್ದಳು. ಊರು ಸಣ್ಣದು. ಕಾಲೇಜು ಹೊಸದು. ಗೋಡೆಯ ಸುಣ್ಣ ಇನ್ನೂ ಕೈಗೆ ಮೆತ್ತುತ್ತಿತ್ತು. ಆ ಊರಿನಲ್ಲಿ ರಸಾಯನಶಾಸ್ತ್ರ ಓದಿದವರು ಅವಳೊಬ್ಬಳೇ. ಪಾಠ ಹೇಳುವುದು ಹೊಟ್ಟೆಪಾಡು; ಅವಳ ಮನಸ್ಸಿದ್ದದ್ದು ಸಂಶೋಧನೆಯಲ್ಲಿ. ದೂರದ ವಿಶ್ವವಿದ್ಯಾಲಯದ ಒಬ್ಬ ಪ್ರಾಧ್ಯಾಪಕರನ್ನು ಕಂಡು, ನಿಮ್ಮ ಕೈಕೆಳಗೆ ಕೆಲಸ ಮಾಡುತ್ತೇನೆ ಎಂದು ಕೇಳಿಕೊಂಡಿದ್ದಳು. ಅವರು ಒಂದು ಷರತ್ತು ಹಾಕಿದ್ದರು. ಹುಣಸೆ ಬೀಜದಿಂದ ಒಂದು ಸಕ್ಕರೆ ತೆಗೆದುಕೊಂಡು ಬಾ. ಅದು ಶುದ್ಧವಾಗಿ, ಹರಳಾಗಿ ಕೈಗೆ ಬಂದರೆ ಮುಂದಿನ ಕೆಲಸವೆಲ್ಲ ಅದರ ಮೇಲೆ. ಬರದಿದ್ದರೆ ಮುಂದಿನ ಕೆಲಸವೇ ಇಲ್ಲ.

ಹುಣಸೆ ಬೀಜ ಎಂದರೆ ನಮ್ಮ ಕಡೆ ಚೌಕಾಬಾರ ಆಡುವುದಕ್ಕೆ ಎಂದೇ ಲೆಕ್ಕ. ಅದರ ತಿರುಳಿನೊಳಗೆ ಸಕ್ಕರೆ ಅಡಗಿದೆ ಎಂದರೆ ಊರಿನವರು ನಗುತ್ತಿದ್ದರು. ಅವಳು ನಗಿಸಿಕೊಂಡೇ ಬೀಜ ಹುರಿದಳು, ಸಿಪ್ಪೆ ತೆಗೆದಳು, ಪುಡಿ ಮಾಡಿದಳು. ಪ್ರಾಂಶುಪಾಲರು ಒಳ್ಳೆಯ ಮನುಷ್ಯರು. ಕಾಲೇಜಿನ ಹಿಂಬದಿಯಲ್ಲಿ ಖಾಲಿ ಬಿದ್ದಿದ್ದ ಒಂದು ಕೋಣೆಯ ಬೀಗದ ಕೈ ಅವಳಿಗೆ ಕೊಟ್ಟರು. ವರ್ಷ ಮುಗಿಯುವುದರೊಳಗೆ ಏನಾದರೂ ಕಂಡುಬಂದರೆ ಕೋಣೆ ನಿಮ್ಮದೇ, ಇಲ್ಲವಾದರೆ ಪರೀಕ್ಷೆಯ ಉತ್ತರಪತ್ರಿಕೆ ತುಂಬಿಡಲು ಜಾಗ ಬೇಕು ಎಂದರು. ಅವಳು ಅದಕ್ಕೂ ಸಂತೋಷಪಟ್ಟಳು. ಅವಳ ಬದುಕಿನಲ್ಲಿ ತನ್ನದೇ ಎಂದು ಬಾಗಿಲು ಹಾಕಿಕೊಳ್ಳಲು ಸಿಕ್ಕಿದ ಮೊದಲ ಕೋಣೆ ಅದು.

ಕೆಲಸದ ವಿಧಾನ ಒಂದು ಪುಸ್ತಕದಲ್ಲಿತ್ತು. ಆ ಪುಸ್ತಕ ಇಲ್ಲದ ಕಾಲೇಜು ಆ ಸೀಮೆಯಲ್ಲಿ ಇರಲಿಲ್ಲ. ಬರೆದವರು ದೊಡ್ಡ ವಿದ್ವಾಂಸರು, ತಾವು ಮಾಡಿ ನೋಡದ ಒಂದು ಪ್ರಯೋಗವನ್ನೂ ಬರೆದವರಲ್ಲ ಎಂದು ಹೆಸರು. ಹೆಸರು ಸುಳ್ಳೂ ಅಲ್ಲ. ಅದರ ಭಾಷೆ ತಣ್ಣಗಿತ್ತು. ಪುಡಿಯನ್ನು ತೆಳು ಆಮ್ಲದಲ್ಲಿ ಕುದಿಸಲಾಗುತ್ತದೆ. ಸುಣ್ಣದ ಪುಡಿ ಹಾಕಿ ಆಮ್ಲದ ಅಂಶ ಕಳೆಯಲಾಗುತ್ತದೆ. ಇದ್ದಿಲ ಪುಡಿ ಹಾಕಿ ಬಣ್ಣ ತೆಗೆದು ಸೋಸಲಾಗುತ್ತದೆ. ಬಿಸಿನೀರಿನ ಪಾತ್ರೆಯ ಮೇಲಿಟ್ಟು ಪಾಕಕ್ಕೆ ತಂದು, ಸ್ವಲ್ಪ ಮದ್ಯಸಾರ ಬೆರೆಸಿ, ತಣ್ಣಗಾಗಲು ಬಿಡಲಾಗುತ್ತದೆ. ಬಿಳಿಯ ಹರಳುಗಳು ಬೇರ್ಪಡುತ್ತವೆ. ಯಾರು ಕುದಿಸಿದರು, ಯಾರ ಕೈ ಸುಟ್ಟಿತು, ಯಾರು ರಾತ್ರಿ ಊಟ ಬಿಟ್ಟು ಕಾದರು ಎಂದು ಅಂಥ ಪುಸ್ತಕವನ್ನು ಕೇಳುವ ಹಾಗಿಲ್ಲ.

ಪುಸ್ತಕ ಹೇಳಿದ್ದೆಲ್ಲವನ್ನೂ ಅವಳು ಹೇಳಿದ ಹಾಗೇ ಮಾಡಿದಳು. ಪಾಕ ಬಂತು. ಬಣ್ಣವಿಲ್ಲದ, ತಿಳಿಯಾದ ಪಾಕ. ತಣ್ಣಗಾಗಲು ಬಿಟ್ಟಳು. ಮರುದಿನ ಬೀಗ ತೆಗೆದು ನೋಡಿದಾಗ ಪಾಕ ಪಾಕವಾಗಿಯೇ ಇತ್ತು. ವಾರ ಬಿಟ್ಟು ನೋಡಿದಳು. ಹಾಗೇ ಇತ್ತು. ಶೀಸೆಯನ್ನು ಓರೆ ಮಾಡಿದರೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ನಿಧಾನವಾಗಿ ಹರಿಯುತ್ತಿತ್ತು, ಅಷ್ಟೇ.

ಅವಳು ಅಂಜುವವಳಲ್ಲ, ದಡ್ಡಿಯೂ ಅಲ್ಲ. ಮೊಂಡು ಪಾಕವನ್ನು ದಾರಿಗೆ ತರುವ ಬಗೆಗಳು ಅವಳಿಗೆ ಗೊತ್ತಿದ್ದವು. ಗಾಜಿನ ಕಡ್ಡಿಯಿಂದ ಶೀಸೆಯ ಒಳಮೈಯನ್ನು ಗೀರಿದಳು. ಮಂಜುಗಡ್ಡೆಯಲ್ಲಿ ಇಟ್ಟಳು. ಬಿಸಿ ಮಾಡಿ ಮತ್ತೆ ತಣಿಸಿದಳು. ಅದೇ ವಸ್ತುವಿನ ಒಂದು ಹರಳನ್ನು ಹಾಕಿದರೆ ಉಳಿದದ್ದು ಅದರ ಸುತ್ತ ಕಟ್ಟಿಕೊಳ್ಳುತ್ತದೆ ಎಂಬುದನ್ನೂ ಬಲ್ಲಳು. ಆದರೆ ಆ ಸಕ್ಕರೆ ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಮೊದಲ ಹರಳೇ ಇಲ್ಲದವಳು ಹಾಕುವುದಾದರೂ ಏನನ್ನು? ಅಲ್ಲದೆ, ಹಾಗೆ ಹಾಕಬೇಕು ಎಂದು ಪುಸ್ತಕ ಹೇಳಿರಲಿಲ್ಲ. ಹರಳುಗಳು ಬೇರ್ಪಡುತ್ತವೆ ಎಂದಿತ್ತು. ತಾವಾಗಿಯೇ.

ಆದ್ದರಿಂದ ಅವಳು ಹೀಗೆ ಯೋಚಿಸಿದಳು. ಆ ಸಕ್ಕರೆಯ ಪಾಕ ತಾನಾಗಿ ಹರಳುಗಟ್ಟುತ್ತದೆ. ನನ್ನದು ಹರಳುಗಟ್ಟುತ್ತಿಲ್ಲ. ಹಾಗಾದರೆ ನನ್ನ ಶೀಸೆಯಲ್ಲಿರುವುದು ಆ ಸಕ್ಕರೆಯಲ್ಲ. ಎಲ್ಲೋ ಹಿಂದಿನ ಹಂತದಲ್ಲೇ ತಪ್ಪಿದ್ದೇನೆ. ಈ ತರ್ಕದಲ್ಲಿ ಲೋಪ ಹುಡುಕಲು ಸಾಧ್ಯವಿಲ್ಲ. ಸಂಶೋಧನೆ ಮಾಡುವವರು ಯೋಚಿಸಬೇಕಾದದ್ದೇ ಹಾಗೆ. ಅವಳು ಪಾಕವನ್ನು ಬಚ್ಚಲಿಗೆ ಸುರಿದು, ಮತ್ತೆ ಬೀಜ ಹುರಿಯುವುದರಿಂದ ಶುರು ಮಾಡಿದಳು.

ಆಮೇಲೆ ಅದೇ ಅವಳ ದಿನಚರಿಯಾಯಿತು. ಮೊದಲು ಬೀಜದ ಮೇಲೆ ಅನುಮಾನ ಬಂತು; ಬೇರೆ ಮರದ ಬೀಜ ತರಿಸಿದಳು. ಆಮ್ಲದ ಮೇಲೆ ಬಂತು; ಹೊಸ ಬಾಟಲಿ ತೆಗೆದಳು. ಊರಿನ ನೀರು ಗಡುಸು ಎಂದು ನೀರನ್ನು ಭಟ್ಟಿ ಇಳಿಸಿಕೊಂಡಳು. ಕೊನೆಗೆ ಅನುಮಾನ ಕೊಳೆಯ ಮೇಲೆ ನಿಂತಿತು. ಎಲ್ಲಿಂದಲೋ ಏನೋ ಒಂದು ಕಸ ಸೇರಿ ಕೆಲಸ ಕೆಡಿಸುತ್ತಿದೆ ಎಂದುಕೊಂಡಳು. ಶೀಸೆಗಳನ್ನು ಕೈ ಸಿಪ್ಪೆ ಏಳುವ ಹಾಗೆ ತೊಳೆದಳು. ತಲೆಗೆ ಬಟ್ಟೆ ಕಟ್ಟಿಕೊಂಡಳು. ಕಿಟಕಿಯ ಸಂದಿಗೆ ಕಾಗದ ಅಂಟಿಸಿದಳು. ಗುಡಿಸುವವರನ್ನೂ ಒಳಗೆ ಬಿಡದೆ ತಾನೇ ಒದ್ದೆ ಬಟ್ಟೆಯಿಂದ ನೆಲ ಒರೆಸಿದಳು. ಪಾಕ ಇಳಿಸಿದ ಕೂಡಲೇ ಬಿರಡೆ ಹಾಕಿ ಮೇಣ ಮೆತ್ತಿದಳು. ಹೊರಗಿನದು ಒಂದು ಕಣವೂ ಒಳಗೆ ಹೋಗಬಾರದು. ಆ ಕೋಣೆಯಷ್ಟು ಚೊಕ್ಕಟವಾದ ಜಾಗ ಆ ಊರಿನಲ್ಲಿ ಇನ್ನೊಂದಿರಲಿಲ್ಲ. ಪಾಕ ಮಾತ್ರ ಹಾಗೇ ಇತ್ತು.

ಸೋಲು ಎಲ್ಲರಿಗೂ ಬರುತ್ತದೆ. ಅವಳನ್ನು ಕೊರೆದದ್ದು ಬೇರೆ. ಶೀಸೆಯನ್ನು ಬೆಳಕಿಗೆ ಹಿಡಿದು, ಇದೇಕೆ ಹೀಗೆ ಎಂದು ಕೇಳಲು ಒಂದು ನರಪಿಳ್ಳೆಯೂ ಇರಲಿಲ್ಲ. ಮಧ್ಯಾಹ್ನ ಉಪಾಧ್ಯಾಯರ ಕೋಣೆಯಲ್ಲಿ ಎಲ್ಲರೂ ಡಬ್ಬಿ ಬಿಚ್ಚಿದಾಗ ಮಾತು ವರ್ಗಾವಣೆಯದು, ಮದುವೆಯದು. ಚರಿತ್ರೆ ಹೇಳುವ ಮೇಷ್ಟರು ಮಾತ್ರ ದಿನವೂ ತಪ್ಪದೆ ವಿಚಾರಿಸುತ್ತಿದ್ದರು, ಸಕ್ಕರೆ ಆಯಿತೇ ಎಂದು. ಆಗಿಲ್ಲ ಎಂದರೆ, ಬೇಕಾದರೆ ಅಂಗಡಿಯಿಂದ ಒಂದು ಕಿಲೋ ತಂದುಕೊಡುತ್ತೇನೆ ಎನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಬರಬರುತ್ತಾ ಡಬ್ಬಿಯನ್ನು ತನ್ನ ಕೋಣೆಗೇ ಒಯ್ದು, ಶೀಸೆಯ ಎದುರು ಕೂತು ಉಣ್ಣತೊಡಗಿದಳು. ಬೆಳಿಗ್ಗೆ ಬಾಗಿಲು ತೆಗೆದಾಗ ‘ಏನಾಯ್ತು?’ ಎಂದು ಶೀಸೆಯನ್ನೇ ಕೇಳುವ ಅಭ್ಯಾಸವೂ ಆಯಿತು. ತಾನು ಹಾಗೆ ಕೇಳುತ್ತಿದ್ದೇನೆ ಎಂದು ಒಂದು ದಿನ ಅರಿವಾಗಿ ಅವಳಿಗೆ ತನ್ನ ಬಗ್ಗೆಯೇ ಹೆದರಿಕೆಯಾಯಿತು.

ವಿಶ್ವವಿದ್ಯಾಲಯಕ್ಕೆ ಹೋಗಿ ಪ್ರಾಧ್ಯಾಪಕರಿಗೆ ಹೇಳಿದಳು. ಅದು ಬಿ.ಎಸ್ಸಿ. ಹುಡುಗರು ಮಾಡುವ ಪ್ರಯೋಗವಮ್ಮ ಎಂದರು ಅವರು. ತಾವು ಅದನ್ನು ಎಂದೂ ಮಾಡಿಲ್ಲ ಎಂಬುದನ್ನು ಹೇಳಲಿಲ್ಲ. ಪ್ರಕಾಶಕರ ಮೂಲಕ ಪುಸ್ತಕ ಬರೆದವರನ್ನೂ ಕೇಳಿಸಿದಳು. ವಿಧಾನವನ್ನು ಮತ್ತೆ ಮತ್ತೆ ಪರೀಕ್ಷಿಸಿದೆ, ಸೂಚನೆಗಳನ್ನು ಗಮನವಿಟ್ಟು ಪಾಲಿಸತಕ್ಕದ್ದು ಎಂಬ ಉತ್ತರ ಬಂತು. ಅವಳು ಗಮನವಿಟ್ಟು ಪಾಲಿಸದ ಸೂಚನೆ ಯಾವುದೂ ಉಳಿದಿರಲಿಲ್ಲ.

ಅವಳ ಬಿ.ಎಸ್ಸಿ. ಮಕ್ಕಳಿಗೂ ಅದೇ ಪ್ರಯೋಗವಿತ್ತು. ಅವರ ಶೀಸೆಗಳಲ್ಲೂ ಪಾಕವೇ ನಿಂತಿತ್ತು; ಅವಳು ಕಣ್ಣಾರೆ ಕಂಡಿದ್ದಳು. ತಾನು ಕಲಿಸಿದ್ದೇ ಸರಿಯಿಲ್ಲವೇನೋ ಎಂದು ಅಳುಕುತ್ತಲೇ ಅವರ ವರದಿಗಳನ್ನು ನೋಡಿದಳು. ಒಂದೊಂದರಲ್ಲೂ ಹರಳು ಬಂದಿತ್ತು. ಬಿಳಿಯ ಹರಳು, ಪುಸ್ತಕದಲ್ಲಿದ್ದಷ್ಟೇ ಇಳುವರಿ. ಮುಂದಿನ ಬೆಂಚಿನ ಹುಡುಗಿಯನ್ನು ಕರೆದು, ಇದೆಲ್ಲಿ ಬಂತಮ್ಮ ನಿನಗೆ ಎಂದು ಕೇಳಿದಳು.

“ಬರಲಿಲ್ಲ ಮೇಡಂ. ಬರಬೇಕು ಅಂತ ಪುಸ್ತಕದಲ್ಲಿದೆಯಲ್ಲ, ಬರೆದ್ವಿ,” ಎಂದಳು ಹುಡುಗಿ. ಮೋಸ ಮಾಡುವವಳ ದನಿಯಲ್ಲ ಅದು. ಮೇಡಂ ಯಾಕೆ ಇಷ್ಟು ಸಣ್ಣ ವಿಷಯ ಕೇಳುತ್ತಿದ್ದಾರೆ ಎಂಬ ದನಿ.

ಪರೀಕ್ಷೆ ಮಾಡಲು ಹೊರಗಿನಿಂದ ಬಂದವರು ಆ ವರದಿಗಳನ್ನು ಮೆಚ್ಚಿಕೊಂಡರು. ಎಲ್ಲ ಕಾಲೇಜುಗಳಲ್ಲೂ ಈ ಪ್ರಯೋಗ ಸಲೀಸಾಗಿ ಬರುತ್ತಿದೆ ಎಂದರು. ಬೇರೆ ಕಾಲೇಜುಗಳಲ್ಲೂ ಹುಡುಗರು ಹೀಗೇ ಬರೆದಿರಬಹುದು ಎಂದು ಅವಳಿಗೆ ಹೊಳೆಯಬಹುದಿತ್ತು. ಹೊಳೆಯಲಿಲ್ಲ. ಸೋತು ಸೋತು ಸುಸ್ತಾದವರಿಗೆ ಬೇರೆಯವರ ಸುಳ್ಳು ಕಾಣುವುದಿಲ್ಲ, ತಮ್ಮ ಕೈಯ ದೋಷವೊಂದೇ ಕಾಣುತ್ತದೆ. ಲೋಕದಲ್ಲಿ ಈ ಪಾಕ ಹರಳುಗಟ್ಟದೆ ಉಳಿದಿರುವುದು ನನ್ನೊಬ್ಬಳ ಕೋಣೆಯಲ್ಲಿ ಎಂದು ಅವಳು ನಂಬಿದಳು.

ಹೀಗಿರುವಾಗ ಒಂದು ಸಂಜೆ, ಪಕ್ಕದ ಮನೆಯಲ್ಲೇ ಇದ್ದ ಅವಳ ಮನೆಯೊಡತಿ ಬಟ್ಟಲು ಹಿಡಿದು ಬಂದರು. ನೆಂಟರ ಮನೆಗೆ ಹೋಗಿ ಬರುವಷ್ಟರಲ್ಲಿ ಅವರ ಮನೆಯ ಮೊಸರೆಲ್ಲ ಕೆಟ್ಟಿತ್ತು. ಹಾಲು ಕಾಯಿಸಿಟ್ಟಿದ್ದರು, ಹೆಪ್ಪು ಇರಲಿಲ್ಲ. ದೀಪ ಹಚ್ಚಿದ ಮೇಲೆ ಹೆಪ್ಪು ಕೊಡುವ ಪದ್ಧತಿ ಅಲ್ಲಿಲ್ಲವಾದ್ದರಿಂದ ಓಡುನಡಿಗೆಯಲ್ಲಿ ಬಂದಿದ್ದರು. ಒಬ್ಬರೇ ಇರುವವರ ಮನೆಯಲ್ಲಿ ಸಿಗುತ್ತದೋ ಇಲ್ಲವೋ ಎಂಬ ಅನುಮಾನ ಬೇರೆ. ಅವಳು ತನ್ನ ಮೊಸರಿನಿಂದ ಒಂದು ಚಮಚ ತೆಗೆದು ಬಟ್ಟಲಿಗೆ ಹಾಕಿದಳು. ಮನೆಯೊಡತಿ ಎರಡು ಮಾತಾಡಿ ಹೊರಟರು. ಅವಳು ಬಾಗಿಲು ಹಾಕಿಕೊಂಡು ಮತ್ತೆ ತನ್ನ ಶೀಸೆಯ ಯೋಚನೆಗೆ ಹೋದಳು.

ಇಷ್ಟು ಹೇಳಿ ಮೇಷ್ಟರು ನೀರು ಕುಡಿದರು. ಇಂದುಶೇಖರ ಏನನ್ನೋ ಹೇಳಲು ಬಾಯಿ ತೆರೆದ. ಅವರು ಕೈ ಅಡ್ಡ ಹಿಡಿದು ಕತೆ ಮುಂದುವರಿಸಿದರು.

ವರ್ಷ ಮುಗಿಯಿತು. ಪ್ರಾಂಶುಪಾಲರು ಅವಳನ್ನು ಕರೆಸಲಿಲ್ಲ. ಆ ಮಟ್ಟಿಗೆ ಸಂಕೋಚದ ಮನುಷ್ಯರು. ಅವಳೇ ಹೋಗಿ ಬೀಗದ ಕೈ ಮೇಜಿನ ಮೇಲಿಟ್ಟಳು. ಇನ್ನೊಂದು ವರ್ಷ ಬೇಕಾದರೆ ನೋಡಬಹುದಿತ್ತು ಎಂದು ಅವರು ಗೊಣಗಿದರು. ಅವಳು ಬೇಡವೆಂದಳು. ಯಾರಾದರೂ ಇನ್ನೊಮ್ಮೆ ಬಲವಂತ ಮಾಡಿದ್ದರೆ ಉಳಿಯುತ್ತಿದ್ದಳೋ ಏನೋ. ಯಾರೂ ಮಾಡಲಿಲ್ಲ. ವಿಮಾ ಕಚೇರಿಯೊಂದರ ಕೆಲಸಕ್ಕೆ ಹಿಂದೆಯೇ ಪರೀಕ್ಷೆ ಬರೆದಿದ್ದಳು. ಅದು ಸಿಕ್ಕಿತ್ತು. ಒಳ್ಳೆಯ ಕೆಲಸ, ಒಳ್ಳೆಯ ಸಂಬಳ. ಅಲ್ಲಿ ಯಾವುದೂ ಹರಳುಗಟ್ಟಬೇಕಾಗಿರಲಿಲ್ಲ.

ಕೋಣೆ ಖಾಲಿ ಮಾಡುವ ದಿನ ಉಳಿದ ಪಾಕಗಳನ್ನೆಲ್ಲ ಬಚ್ಚಲಿಗೆ ಸುರಿದಳು. ಕೊನೆಯದೊಂದನ್ನು ಸುರಿಯಲು ಕೈ ಬರಲಿಲ್ಲ. ಮೇಣ ಮೆತ್ತಿದ್ದ ಆ ಶೀಸೆಯನ್ನು ಟವೆಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು. ಹೊಸ ಊರಿಗೆ ಹೋಗಲು ಬಸ್ಸು ಬದಲಿಸಬೇಕಾದ ನಗರದಲ್ಲೇ ಪುಸ್ತಕ ಬರೆದವರು ಇದ್ದರು. ಅವರನ್ನು ನೋಡಬೇಕೆಂದು ಹೊರಟಳು. ಜಗಳಕ್ಕಲ್ಲ. ತನ್ನ ಕೈ ಎಲ್ಲಿ ತಪ್ಪಿತು ಎಂಬುದನ್ನು ತಿಳಿದುಕೊಂಡುಬಿಟ್ಟರೆ ಮುಂದೆ ನಿದ್ದೆಯಾದರೂ ಬಂದೀತು ಎಂದು.

ಪುಸ್ತಕ ಬರೆದವರಿಗೆ ವಯಸ್ಸಾಗಿತ್ತು. ಆದರೂ ದಿನವೂ ಪ್ರಯೋಗಾಲಯಕ್ಕೆ ಬರುತ್ತಿದ್ದರು. ಅದು ಹಳೆಯ ಕೋಣೆ. ಕಪಾಟುಗಳ ಮೇಲೆ ಧೂಳು, ಮೇಜಿನ ಮೇಲೆ ಕಲೆ, ಗೋಡೆಯ ಮೂಲೆಯಲ್ಲಿ ಜೇಡರ ಬಲೆ. ಇಷ್ಟು ಗಲೀಜಿನ ನಡುವೆ ಈ ಮನುಷ್ಯನಿಗೆ ಹರಳು ಹೇಗೆ ಬಂತು ಎಂದು ಅವಳಿಗೆ ಮನಸ್ಸಿನಲ್ಲೇ ಸಿಟ್ಟು ಬಂತು. ಅವರು ಕುರ್ಚಿ ಕೊಟ್ಟು ಕೂರಿಸಿ, ಅವಳು ಹೇಳಿದ್ದನ್ನೆಲ್ಲ ತಾಳ್ಮೆಯಿಂದ ಕೇಳಿದರು. ಶೀಸೆ ಇಸಿದುಕೊಂಡು, ಮೇಣ ಕೆರೆದು, ಬಿರಡೆ ತೆಗೆದು ಮೂಸಿದರು. ಬೆಳಕಿಗೆ ಹಿಡಿದು, ಪಾಕ ಚೆನ್ನಾಗಿಯೇ ಇದೆಯಲ್ಲ ಎಂದು ಕಿಟಕಿಯ ಬಳಿ ಇಟ್ಟರು. ಬಿರಡೆ ಹಾಕಲಿಲ್ಲ. ಅವಳು ಅಭ್ಯಾಸಬಲದಿಂದ ಬಿರಡೆಗೆ ಕೈ ಚಾಚಿದಳು. ಇರಲಿ ಬಿಡಮ್ಮ, ಊಟದ ಹೊತ್ತಾಯಿತು ಎಂದು ಅವಳನ್ನು ಪಕ್ಕದ ಕೋಣೆಗೆ ಕರೆದೊಯ್ದು ತಮ್ಮ ಡಬ್ಬಿಯ ಊಟದಲ್ಲಿ ಪಾಲು ಕೊಟ್ಟರು. ಬಹಳ ದಿನದ ಮೇಲೆ ಅವಳು ರಸಾಯನಶಾಸ್ತ್ರದ ಮಾತಾಡುತ್ತ ಉಂಡಳು.

ಊಟ ಮುಗಿಸಿ ಬಂದು ನೋಡಿದರೆ, ಪಾಕದ ಮೇಲೆ ಒಂದು ಬಿಳಿ ಚುಕ್ಕೆ ಕೂತಿತ್ತು. ಅವರಿಬ್ಬರೂ ನೋಡುತ್ತಿದ್ದಂತೆ ಅದರ ಸುತ್ತ ಸಣ್ಣ ಸಣ್ಣ ಸೂಜಿಗಳು ಎದ್ದವು. ಸೂಜಿಗಳ ತುದಿಯಲ್ಲಿ ಮತ್ತೆ ಸೂಜಿಗಳು. ಬಹಳ ಹೊತ್ತು ಹಿಡಿಯಲಿಲ್ಲ. ಶೀಸೆಯನ್ನು ಓರೆ ಮಾಡಿದರೆ ಏನೂ ಹರಿಯದಂತಾಯಿತು.

“ನೋಡಮ್ಮ, ಪುಸ್ತಕದಲ್ಲಿ ಹೇಗಿದೆಯೋ ಹಾಗೇ ಬಂತು,” ಎಂದರು ಅವರು. ಅವರಿಗೆ ಸಂತೋಷವಾಗಿತ್ತು.

ಅವಳು ಶೀಸೆಯನ್ನು ಎತ್ತಿ ಬೆಳಕಿಗೆ ಹಿಡಿದಳು. ಅದೇ ಪಾಕ, ಅದೇ ಶೀಸೆ. ತನ್ನ ಕೋಣೆಯಲ್ಲಿ ಸತ್ತ ಹಾಗೆ ಬಿದ್ದಿದ್ದದ್ದು ಇಲ್ಲಿ ಒಂದು ಊಟದ ಹೊತ್ತಿನಲ್ಲಿ ಎದ್ದು ಕೂತಿದೆ. ಇದು ಹೇಗೆ ಎಂದು ಕೊನೆಗೆ ಕೇಳಿದಳು. ಅವರು ನಕ್ಕು ಗೋಡೆ ತೋರಿಸಿದರು, ಕಿಟಕಿ ತೋರಿಸಿದರು, ತಮ್ಮ ಅಂಗಿಯ ತೋಳು ತೋರಿಸಿದರು. ಈ ಕೋಣೆಯಲ್ಲಿ ವರ್ಷಗಟ್ಟಲೆ ಆ ಸಕ್ಕರೆಯನ್ನು ಮಾಡುತ್ತ ಬಂದಿದ್ದೇವೆ. ಇಲ್ಲಿನ ಧೂಳಿನ ತುಂಬ ಅದರ ಕಣಗಳಿವೆ. ಬಿರಡೆ ತೆಗೆದರೆ ಸಾಕು, ಒಂದು ಕಣ ಹೋಗಿ ಬೀಳುತ್ತದೆ, ಉಳಿದದ್ದು ಅದರ ಸುತ್ತ ಕಟ್ಟಿಕೊಳ್ಳುತ್ತದೆ ಎಂದು ವಿವರಿಸಿದರು. ನಿನ್ನದು ಹೊಸ ಕೋಣೆ, ಅದನ್ನೂ ತೊಳೆದು ತೊಳೆದು ಇಟ್ಟಿದ್ದೀಯ, ಅಲ್ಲಿ ಏನು ಬಿದ್ದೀತು ಎಂದರು.

ಈ ಕೋಣೆಯೂ ಒಂದು ಕಾಲದಲ್ಲಿ ಹೊಸದಾಗಿತ್ತಲ್ಲವೇ ಎಂದು ಅವಳು ಕೇಳಿದಳು. ಅವರು ಒಪ್ಪಿಕೊಂಡರು. ಮೊದಲ ಸಲ ಅವರಿಗೂ ಹರಳು ಬಂದಿರಲಿಲ್ಲ. ಇಡೀ ಒಂದು ವರ್ಷ ಪಾಕ ಪಾಕವಾಗಿಯೇ ಇತ್ತು. ಕೆಲಸ ಬಿಟ್ಟು ಊರಿಗೆ ಹೋಗಿಬಿಡೋಣ ಎಂದು ಪೆಟ್ಟಿಗೆ ಕಟ್ಟಿದ್ದರಂತೆ. ಅಷ್ಟರಲ್ಲಿ ಅವರ ಗುರುಗಳು ಬೇರೆ ಊರಿನಿಂದ ಬಂದರು. ಬರುವಾಗ ತಮ್ಮ ಪ್ರಯೋಗಾಲಯದ ಆ ಸಕ್ಕರೆಯನ್ನು ಒಂದು ಚಿಟಿಕೆ ಕಾಗದದಲ್ಲಿ ಕಟ್ಟಿ ತಂದಿದ್ದರು. ಹಾಲಿಗೆ ಹೆಪ್ಪು ಹಾಕಿದ ಹಾಗೆ ಅದನ್ನು ಪಾಕಕ್ಕೆ ಉದುರಿಸಿದರು. ಅಂದಿನಿಂದ ಈ ಕೋಣೆಯಲ್ಲಿ ಹರಳು ಬರದೇ ಇದ್ದದ್ದಿಲ್ಲ. ಪುಸ್ತಕಕ್ಕಾಗಿ ಮತ್ತೆ ಮತ್ತೆ ಪರೀಕ್ಷಿಸಿದ್ದೂ ಇದೇ ಕೋಣೆಯಲ್ಲಿ. ಪ್ರತಿ ಸಲವೂ ತಾನಾಗಿಯೇ ಬಂತು. ಬಂದದ್ದನ್ನೇ ಬರೆದರು.

ಹೆಪ್ಪು ಎಂಬ ಮಾತು ಕೇಳಿ ಅವಳಿಗೆ ಆ ಸಂಜೆ ನೆನಪಾಯಿತು. ಬಟ್ಟಲು ಹಿಡಿದು ಬಂದಾಕೆಗೆ ತಾನೇ ಒಂದು ಚಮಚ ಕೊಟ್ಟು ಕಳಿಸಿದ್ದಳು. ಆ ಹೆಣ್ಣುಮಗಳು ಹಾಲು ಹಾಲಾಗಿಯೇ ಉಳಿಯಿತೆಂದು ಹಸುವನ್ನು ಬೈಯಲಿಲ್ಲ, ಪಾತ್ರೆಯನ್ನು ಬೈಯಲಿಲ್ಲ, ತನ್ನ ಕೈ ಕೆಟ್ಟದ್ದೆಂದು ಅಳಲಿಲ್ಲ. ಪಕ್ಕದ ಮನೆಯ ಕದ ತಟ್ಟಿದಳು. ಏಕೆಂದರೆ ಹೆಪ್ಪು ಬೇಕಾಗುತ್ತದೆ ಎಂಬುದನ್ನು ಯಾರೂ ಅವಳಿಂದ ಮುಚ್ಚಿಟ್ಟಿರಲಿಲ್ಲ.

ಅವಳು ಒಂದೇ ಪ್ರಶ್ನೆ ಕೇಳಿದಳು. “ನಿಮಗೆ ವರ್ಷವಿಡೀ ಬರಲಿಲ್ಲ ಅನ್ನೋದನ್ನ ಪುಸ್ತಕದಲ್ಲಿ ಯಾಕೆ ಬರೀಲಿಲ್ಲ, ಸರ್?”

“ಓದೋ ಮಕ್ಕಳ ಧೈರ್ಯ ಕೆಡಬಾರದು ಅಂತ ಬಿಟ್ಟೆ ಕಣಮ್ಮ,” ಎಂದರು ಅವರು.

ಅವರು ಕೆಟ್ಟವರಲ್ಲ. ಸುಳ್ಳು ಬರೆದವರೂ ಅಲ್ಲ. ಮಕ್ಕಳ ಮೇಲಿನ ಪ್ರೀತಿಯಿಂದಲೇ ಆ ನಾಲ್ಕು ಸಾಲು ಬಿಟ್ಟಿದ್ದರು. ಅದು ಅವಳಿಗೂ ಅರ್ಥವಾಯಿತು, ಆದ್ದರಿಂದ ಅವರ ಮೇಲೆ ಸಿಟ್ಟು ಮಾಡಿಕೊಳ್ಳುವ ಸುಖವೂ ಅವಳಿಗೆ ಸಿಗಲಿಲ್ಲ. ಅವಳಿಗೆ ನೆನಪಾದದ್ದು ಬಚ್ಚಲು. ಇದಲ್ಲ, ಇದಲ್ಲ ಎಂದು ತಾನು ಸುರಿದದ್ದೆಲ್ಲ ಆ ಸಕ್ಕರೆಯೇ ಆಗಿತ್ತು. ಮೊದಲನೆಯದೂ ಸರಿಯಾಗಿಯೇ ಇತ್ತು. ಕೈಯೂ ಸರಿಯಾಗಿಯೇ ಇತ್ತು. ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅವರು ಅದನ್ನು 'ಹರಳು ಬಂದ ಸಂತೋಷ' ಎಂದುಕೊಂಡರು.

ಹೊರಡುವಾಗ ಅವರು ತಾವೇ ಆ ಹರಳಿನಿಂದ ಒಂದು ಚಿಟಿಕೆ ಕೆರೆದು, ಕಾಗದದಲ್ಲಿ ಪೊಟ್ಟಣ ಕಟ್ಟಿ ಅವಳ ಕೈಗೆ ಕೊಟ್ಟರು. ಇದನ್ನು ನಿನ್ನ ಕೋಣೆಗೆ ತೆಗೆದುಕೊಂಡು ಹೋಗು, ಇನ್ನು ಮೇಲೆ ನಿನಗೆ ಯಾವತ್ತೂ ತೊಂದರೆ ಬರುವುದಿಲ್ಲ ಎಂದರು. ಕೋಣೆ ಈಗ ತನ್ನದಲ್ಲ ಎಂದು ಅವಳು ಹೇಳಲಿಲ್ಲ. ನಮಸ್ಕಾರ ಮಾಡಿ ಬಂದಳು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಪೊಟ್ಟಣವನ್ನು ದಾರಿಯುದ್ದಕ್ಕೂ ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು. ಹೆಪ್ಪು ಕೈಯಲ್ಲಿತ್ತು. ಹಾಕಲು ಎಲ್ಲೂ ಪಾಕ ಉಳಿದಿರಲಿಲ್ಲ.

ಮೇಷ್ಟರು ಕತೆ ನಿಲ್ಲಿಸಿದರು. ಹಸ್ತಪ್ರತಿಯ ಮೇಲಿದ್ದ ಕನ್ನಡಕ ತೆಗೆದು ಹಾಕಿಕೊಂಡರು. ಅವರು ಇನ್ನೂ ಏನಾದರೂ ಹೇಳಿಯಾರು ಎಂದುಕೊಂಡಿದ್ದ ಇಂದುಶೇಖರ ತಾನೇ ಕೇಳಿದ.

“ಆಮೇಲೆ ಆಕೆ ಏನಾದ್ರು, ಮೇಷ್ಟ್ರೇ?”

“ನೀನೇ ಹೇಳಿದೆಯಲ್ಲಪ್ಪ, ಆಗದೆ ಹೋದದ್ದಕ್ಕೆ ಪುಸ್ತಕದಲ್ಲಿ ಜಾಗ ಇಲ್ಲ ಅಂತ.”